ಗಟ್ಟಿ ಹಾಲಿನ ಮಾವ

ನನ್ನ ಸೋದರಮಾವ ನನ್ನ ಗಂಡನನ್ನು ಒಪ್ಪಿದ್ದು ಮುಖ ನೋಡಿ ಅಲ್ಲ, ಕೆಲಸ ಕೇಳಿ ಅಲ್ಲ, ಜಾತಕ ತೋರಿಸಿಯೂ ಅಲ್ಲ. ಅವರ ಮನೆಯ ಹಾಲು ಅಳೆದು! ನಂಬುವುದಿಲ್ಲವೇ? ನಾನೂ ಮೊದಲು ನಂಬಿರಲಿಲ್ಲ. ಅಮ್ಮ ಆಣೆ ಇಟ್ಟು ಹೇಳಿದ ಮೇಲೆ ನಂಬಬೇಕಾಯಿತು.

ನಮ್ಮ ಕಡೆಯವರು ಉರಿಗಾಂನಲ್ಲಿ ಗಂಡಿನ ಮನೆ ನೋಡಲು ಹೋಗಿದ್ದರಂತೆ. ಚಿನ್ನದ ಗಣಿಯ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನ್ ಮನೆ, ಅತ್ತೆ ಇಲ್ಲದ ಸಂಸಾರ. ಗಂಡಿನ ಅಕ್ಕ ಕಾಫಿಗಿಡಲು ಒಳಗೆ ಹೋದರೆ ನಮ್ಮ ಮಾವ ಅವರ ಹಿಂದೆಯೇ ಅಡುಗೆಮನೆಗೆ ನುಗ್ಗಿದರು. "ವಸಿ ಆಲು ತೋರ್ಸಮ್ಮ" ಎಂದು ಕೇಳಿ, ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು. ಅದರಲ್ಲಿ ಕನ್ನಡಕ ಇರಲಿಲ್ಲ, ಹಾಲು ಅಳೆಯುವ ಗಾಜಿನ ಕೊಳವೆ ಲ್ಯಾಕ್ಟೋಮೀಟರ್ ಇತ್ತು! ಅದನ್ನು ಹಾಲಿಗೆ ಇಳಿಬಿಟ್ಟರು. ಹಾಲಿನಲ್ಲಿ ನೀರಿದ್ದರೆ ಅದು ಮುಳುಗುತ್ತದೆ, ಗಟ್ಟಿ ಹಾಲಾದರೆ ತೇಲುತ್ತದೆ. ಆವತ್ತು ತೇಲಿತು. ಮಾವ ಹೊರಗೆ ಬಂದು ಚಾಪೆಯ ಮೇಲೆ ಕೂತವರಿಗೆಲ್ಲ ಕೇಳುವಂತೆ, "ಆಲು ಗಟ್ಟ್ಯಾಗದೆ. ಎಣ್ಣು ಕೊಡ್ಬೋದು" ಎಂದು ತೀರ್ಪು ಕೊಟ್ಟರು. ಆವತ್ತು ಆ ಲೈನಿನ ಹಾಲಿನವನಿಗೆ ಕೊಳಾಯಿ ಹತ್ತಿರ ಹೋಗಲು ಪುರುಸೊತ್ತಾಗದೇ ಇದ್ದುದು ನನ್ನ ಪುಣ್ಯ. ನನ್ನ ಗಂಡ ಈಗಲೂ ಯಾರಾದರೂ ಓದಿನ ವಿಚಾರ ಕೇಳಿದರೆ, ತಾನು ಪಾಸಾದ ದೊಡ್ಡ ಪರೀಕ್ಷೆ ಅದೊಂದೇ ಎನ್ನುತ್ತಾರೆ.

ಮಾವ ಅಲ್ಲಿಯದೇ ನಂದಿದುರ್ಗ ಎಂಬ ಗಣಿಯಲ್ಲಿ ಪೈಪ್ ಫಿಟ್ಟರ್ ಆಗಿದ್ದವರು. ನೆಲದಡಿಯ ನೀರನ್ನು ಮೇಲಕ್ಕೆ ತರುವ ಪೈಪುಗಳ ಜೊತೆ ಮೂವತ್ತು ವರ್ಷ ಬಾಳಿದರು. ನಿವೃತ್ತಿಯಾದ ಮೇಲೆ ಬಂಗಾರಪೇಟೆ ಹತ್ತಿರದ ತಮ್ಮ ಹಳ್ಳಿಯಲ್ಲಿ ಎರಡು ಸೀಮೆಹಸು ಕಟ್ಟಿಕೊಂಡು, ಊರಿನ ಡೈರಿಗೆ ಹಾಲು ಹಾಕತೊಡಗಿದರು. ಅಲ್ಲಿ ದಿನವೂ ಕೊಳವೆ ಇಳಿಬಿಟ್ಟು ಹಾಲಿನ ಡಿಗ್ರಿ, ಅಂದರೆ ಗಟ್ಟಿತನ, ನೋಡುತ್ತಾರಲ್ಲ, ಒಂದು ದಿನವೂ ಮಾವನ ಹಾಲು ಸೋತಿರಲಿಲ್ಲ. ಈ ಹೆಮ್ಮೆ ಅವರ ತಲೆಗೆ ಹೇಗೆ ಹತ್ತಿತೆಂದರೆ, ಡೈರಿಯವರು ಮೂಲೆಗೆ ಹಾಕಿದ್ದ ಹಳೇ ಲ್ಯಾಕ್ಟೋಮೀಟರನ್ನು ಕೇಳಿ ತಂದು ಜೇಬಿನಲ್ಲಿಟ್ಟುಕೊಂಡೇ ಓಡಾಡಿದರು. ಬಂಗಾರಪೇಟೆ ಸ್ಟೇಷನ್ ಎದುರಿನ ಟೀ ಅಂಗಡಿಯವನು ಇವರು ರೈಲು ಇಳಿದದ್ದು ಕಂಡರೆ ಹಾಲಿನ ಪಾತ್ರೆಯನ್ನು ಬೆಂಚಿನ ಕೆಳಗೆ ತಳ್ಳಿ, "ಆಲು ಆಗೋಯ್ತು ಸ್ವಾಮಿ, ಬ್ಲಾಕ್ ಟೀ ಕುಡೀರಿ" ಅನ್ನುತ್ತಿದ್ದ!

ತಮಾಷೆಯ ಮಾತು ಪಕ್ಕಕ್ಕಿರಲಿ. ನಮ್ಮ ಕಡೆ ಮನೆಗೆ ಬಂದವರಿಗೆ ನೀರು ಹಾಲಿನ ಕಾಫಿ ಕೊಡುವುದೆಂದರೆ ಬರಬೇಡಿ ಎಂದು ಹೇಳಿದ ಹಾಗೆಯೇ. ಪ್ರೀತಿ ಎಷ್ಟಿದೆಯೋ ಹಾಲು ಅಷ್ಟು ಗಟ್ಟಿ ಇರಬೇಕು. ಮಾವ ಅದನ್ನು ಮಿಕ್ಕವರಿಗಿಂತ ಸ್ವಲ್ಪ ಹೆಚ್ಚು ನಂಬಿದ್ದರು, ಅಷ್ಟೇ.

ಎಂಬತ್ತರ ದಶಕದ ನಡುವಿನ ಮಾತು. ಉರಿಗಾಂನ ಗಂಡನ ಮನೆಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದ ನಾನು ಬಂಗಾರಪೇಟೆಯ ಶಾಲೆಯಲ್ಲಿ ಟೀಚರು. ಮಗಳಿಗೆ ನಾಲ್ಕು ತಿಂಗಳಾಗುವ ಹೊತ್ತಿಗೆ ನನ್ನ ರಜೆ ಮುಗಿಯಿತು. ನನ್ನ ಹಾಲು ಸಾಲುತ್ತಿರಲಿಲ್ಲವಾದ್ದರಿಂದ ಡಬ್ಬಿಯ ಪುಡಿ ಹಾಲು ಶುರುವಾಗಿತ್ತು. ಗಂಡ ಗಣಿಯ ಶಿಫ್ಟಿನಲ್ಲಿ, ಅಮ್ಮ ನನ್ನ ತಮ್ಮನ ಹೆಂಡತಿಯ ಬಾಣಂತನದಲ್ಲಿ. ಮಗುವನ್ನು ಯಾರ ಕೈಗೆ ಕೊಡಲಿ? ಕೆಲಸ ಬಿಟ್ಟುಬಿಡಬೇಕೇನೋ ಎಂದು ನಾನು ಅಳುತ್ತಿರುವಾಗ ಮಾವ ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಅಸ ನನ್ ಮಗ ನೋಡ್ಕೋತಾನೆ. ಇದನ್ನ ನಾನ್ ನೋಡ್ಕೋತೀನಿ. ನೀನು ಇಸ್ಕೂಲಿಗೋಗಮ್ಮಣ್ಣಿ" ಎಂದರು. ಹೆಂಡತಿ ತೀರಿಹೋಗಿ ಐದು ವರ್ಷವಾಗಿದ್ದ, ಅರವತ್ತು ದಾಟಿದ ಗಂಡಸು! ಇಡೀ ಲೈನು ನಕ್ಕಿತು.

ನಕ್ಕವರೆಲ್ಲ ವಾರದಲ್ಲಿ ಸುಮ್ಮನಾದರು. ಮಾವ ಮಗುವಿನ ಬಟ್ಟೆ ಒಗೆದು ಹಗ್ಗದ ಮೇಲೆ ಒಂದಿಂಚೂ ಓರೆಯಾಗದಂತೆ ಒಣಹಾಕುತ್ತಿದ್ದರು. ಎಣ್ಣೆ ಹಚ್ಚಿ, ನೀರು ಹಾಕಿ, ಹೆಗಲ ಮೇಲೆ ಹಾಕಿಕೊಂಡು ತೇಗು ಬರುವವರೆಗೆ ಲೈನಿನ ಉದ್ದಕ್ಕೂ ನಡೆಯುತ್ತಿದ್ದರು. ಮಗು ಅತ್ತರೆ ಅದರ ಹೊಟ್ಟೆಗೆ ತಮ್ಮ ಬಲಗಿವಿ ಇಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದರು. ಗಣಿಯಲ್ಲಿ ಪೈಪು ಎಲ್ಲಿ ಕಟ್ಟಿದೆ ಎಂದು ಪತ್ತೆ ಮಾಡುತ್ತಿದ್ದದ್ದು ಹಾಗೆಯೇ ಅಂತೆ. "ಗಾಳಿ ಸೇರ್ಕೊಂಡದೆ, ಎಡಗಡೆ ತಿರುವಿನಾಗೆ" ಎಂದು ಹೇಳಿ, ಮಗುವನ್ನು ಬೋರಲು ಮಲಗಿಸಿ ಬೆನ್ನು ನೇವರಿಸುತ್ತಿದ್ದರು. ಸತ್ಯವಾಗಿ ಹೇಳುತ್ತೇನೆ, ಗಾಳಿ ಹೋಗುತ್ತಿತ್ತು!

ಮಾವ ಬಂದ ಎರಡನೇ ತಿಂಗಳಿಗೆ ಮಗು ಕಕ್ಕ ಮಾಡುವುದು ನಿಂತಿತು.

ಒಂದು ದಿನ, ಎರಡು ದಿನ, ಮೂರು ದಿನ. ತಿಣುಕುತ್ತಿದ್ದಳು, ಮುಖವೆಲ್ಲ ಕೆಂಪಾಗುತ್ತಿತ್ತು, ಕಾಲು ಮಡಚಿ ಚೀರುತ್ತಿದ್ದಳು. ಕೊನೆಗೆ ಕಡಲೆಬೀಜದಷ್ಟು ಗಟ್ಟಿ ಉಂಡೆ ಒಂದೋ ಎರಡೋ ಬರುತ್ತಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ, ನಾವೆಲ್ಲ ಪಾಟಿ ಎನ್ನುತ್ತಿದ್ದವರು, ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿಕೊಂಡು ಓಡಿಬಂದರು.

"ಕೊಳಂದೈ ಪಾವಂ ಅಣ್ಣೇ, ಪಾಪ ಮಗೂ! ಇದನ್ನ ಕೆಳಗಡೆ ಇಡಿ, ಆಗೋಗ್ತದೆ" ಎಂದರು.

ಮಾವ ಮಗುವನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದರು. "ಬ್ಯಾಡಕ್ಕಾ, ಪೈಪಿಗೆ ಕಡ್ಡಿ ತೂರ್ಬಾರ್ದು. ಒಡೆದೋದ್ರೆ ಯಾರು ಬೆಸುಗೆ ಆಕೋರು?"

"ಇದು ಕೊಳಂದೈ ಅಣ್ಣೇ, ಪೈಪ್ ಇಲ್ಲ!"

"ಎಲ್ಲಾ ಒಂದೇ!"

ಪಾಟಿ ತೊಟ್ಟನ್ನು ನಮ್ಮ ಹೊಸಿಲ ಮೇಲಿಟ್ಟು ಕೋಪಿಸಿಕೊಂಡು ಹೋದರು. ಮಾವ ಬೆಚ್ಚಗೆ ಮಾಡಿದ ಎಣ್ಣೆಯನ್ನು ಹೊಕ್ಕುಳ ಸುತ್ತ ಸವರಿದರು. ಎರಡೂ ಕಾಲು ಹಿಡಿದು ಸೈಕಲ್ ತುಳಿಸಿದರು. ಆ ಪುಟ್ಟ ಕಾಲುಗಳು ಆ ವಾರ ತುಳಿದ ಸೈಕಲ್ಲಿನಲ್ಲಿ ಕೋಲಾರಕ್ಕೆ ಹೋಗಿ ಬರಬಹುದಿತ್ತು!

ಸುದ್ದಿ ಲೈನು ದಾಟಿತು. ಶಿಫ್ಟಿಗೆ ಹೋಗುವ ಗಂಡಸರೆಲ್ಲ ನಮ್ಮ ಬಾಗಿಲಲ್ಲಿ ಸೈಕಲ್ ನಿಧಾನ ಮಾಡಿ, "ಏನಣ್ಣಾ, ಮಗಾ ಕಕ್ಕ ಮಾಡ್ತಾ?" ಎಂದು ವಿಚಾರಿಸಿಯೇ ಮುಂದಕ್ಕೆ ಹೋಗುತ್ತಿದ್ದರು. ಒಂದು ದಿನ ನನ್ನ ಗಂಡ ಕೆಲಸದಿಂದ ಬಂದವರು ತಲೆ ಚಚ್ಚಿಕೊಂಡರು. ಗಣಿಗೆ ಇಳಿಸುವ ಕೇಜಿನಲ್ಲಿ ಒಬ್ಬ ಕೇಳಿದನಂತೆ, ಸಾವಿರಾರು ಅಡಿ ಆಳದಲ್ಲಿ ಮತ್ತೊಬ್ಬ ಕೇಳಿದನಂತೆ. "ಬಂಡೆಗೆ ತೂತು ಕೊರೀತಾ ಇರೋವಾಗ ಮೆಷಿನ್ ನಿಲ್ಲಿಸಿ ಕೇಳ್ತಾನೆ ಕಣೇ!" ಎಂದರು. ನಾನು ಬಿದ್ದು ಬಿದ್ದು ನಕ್ಕೆ. ನಕ್ಕದ್ದು ಆ ವಾರದಲ್ಲಿ ಅದೊಂದೇ ಸಲ.

ಏಕೆಂದರೆ ಮರುದಿನ ಸಂಜೆ ನಾನು ರೈಲಿಳಿದು ಬಂದಾಗ ಮಾವ ಮಗುವಿನ ಬಟ್ಟೆಯೊಂದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಬಟ್ಟೆಯ ಮೇಲೆ ಕಲ್ಲಿನಂಥ ಒಂದು ಉಂಡೆ, ಅದರ ಪಕ್ಕ ರಕ್ತದ ಒಂದು ಗೆರೆ. ಮಗು ಅತ್ತು ಅತ್ತು ಧ್ವನಿಯೇ ಹೋಗಿ ಅವರ ಹೆಗಲ ಮೇಲೆ ಬಿಕ್ಕುತ್ತಿತ್ತು. ನಾನು ಚಪ್ಪಲಿಯನ್ನೂ ಬಿಡದೆ ಮಗುವನ್ನು ಎತ್ತಿಕೊಂಡು ಪೇಟೆಯ ಡಾಕ್ಟರಮ್ಮನ ಹತ್ತಿರ ಓಡಿದೆ. ಮಾವ ಹಿಂದೆಯೇ ಬಂದರು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಹಿಂದುಗಡೆ ನೋಡಿದರು. "ಗಟ್ಟಿಯಾಗಿದ್ದು ಬರುವಾಗ ಸ್ವಲ್ಪ ಸೀಳಿದೆ, ವಾಸಿಯಾಗುತ್ತೆ. ಹಾಲು ಯಾರು ಕಲಸೋದು?" ಎಂದರು.

"ನಾನು" ಎಂದರು ಮಾವ, ಕೈ ಕಟ್ಟಿಕೊಂಡು.

"ಪುಡಿ ಎಷ್ಟು ಹಾಕ್ತೀರಿ?"

ಒಂದು ಬಾಟಲಿಗೆ ಮೂರು ಚಮಚ, ಮೇಲಿನದನ್ನು ಸಮವಾಗಿ ಸವರಿ, ಎಂದು ನಾನು ನೂರು ಸಲ ಹೇಳಿದ್ದೆ. ಡಬ್ಬಿಯ ಮೇಲೂ ಬರೆದಿತ್ತು. ಮಾವ ಎದೆಯುಬ್ಬಿಸಿ ಹೇಳಿದರು:

"ಡಿಗ್ರಿ ಬರೋಗಂಟ ಆಕ್ತೀನಿ ತಾಯಿ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಮಾವ ಕನ್ನಡಕದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಮದ್ಲು ಮೂರು ಚಮಚಾನೇ ಆಕ್ತಿದ್ದೆ, ಒಂದಿನ ಅಳೆದು ನೋಡ್ದೆ. ಕೊಳವೆ ಮುಳುಗೇ ಓಯ್ತು. ನೀರಾಲು! ನಮ್ ಮನೆ ಮಗೂಗೆ ನೀರಾಲು ಕೊಡಾಕಾಗ್ತದಾ? ನಾಕು ಆಕ್ದೆ, ಐದು ಆಕ್ದೆ, ಆಗ ತೇಲ್ತು" ಎಂದರು. ಡಾಕ್ಟರಮ್ಮ ನನ್ನ ಮುಖ ನೋಡಿದ್ದು ನೋಡಿ, "ಕುದಿಯೋ ನೀರ್ನಾಗೆ ತೊಳೆದೇ ಇಳಿಬಿಡೋದು ತಾಯಿ" ಎಂದು ಸೇರಿಸಿದರು.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಮೃದುವಾಗಿಯೇ ಹೇಳಿದರು. "ಆ ಅಳತೆ ಹಸುವಿನ ಹಾಲಿಗೆ ಯಜಮಾನ್ರೇ. ಈ ಮಗುವಿಗೆ ಬೇಕಾದ ನೀರು ಆ ಮೂರು ಚಮಚದ ಲೆಕ್ಕದಲ್ಲೇ ಇದೆ. ಪುಡಿ ಜಾಸ್ತಿಯಾದರೆ ನೀರು ಸಾಲದೆ ಹೊಟ್ಟೇಲಿ ಕಲ್ಲಾಗುತ್ತೆ. ಕರುಳಿಗೂ ಕಷ್ಟ, ಮೂತ್ರಪಿಂಡಕ್ಕೂ ಕಷ್ಟ. ಇವತ್ತಿಂದ ಸರಿಯಾಗಿ ಕಲಸಿ, ತಾನಾಗೇ ಸರಿಹೋಗುತ್ತೆ."

ಸರಿಹೋಗುತ್ತದೆ ಎಂದು ಕೇಳಿದ ಮೇಲಾದರೂ ನಾನು ಸುಮ್ಮನಿರಬೇಕಿತ್ತು. ನನಗೆ ಬಾಯಿ ಜೋರು, ಈಗಲೂ ಜೋರು. ರಸ್ತೆಗೆ ಬಂದವಳೇ, ಓಡಾಡುವ ಜನರ ಮಧ್ಯೆ ನಿಂತು, "ನಿಮ್ಮ ಹುಚ್ಚಿಗೆ ನನ್ನ ಮಗೂನೇ ಸಿಕ್ಕಿದ್ದಾ ಮಾವ? ಇನ್ನು ಮುಟ್ಟಬೇಡಿ ಅವಳನ್ನ!" ಎಂದುಬಿಟ್ಟೆ. ಅವರು ಮಗುವಿನ ಬಟ್ಟೆಯ ಚೀಲ ಹಿಡಿದು ನಾಲ್ಕು ಹೆಜ್ಜೆ ಹಿಂದೆ ನಡೆದು ಬಂದರು.

ಆಮೇಲಿನ ಎರಡು ದಿನ ನಾನು ರಜೆ ಹಾಕಿ ಹಾಲು ಕಲಸಿದೆ. ಮೂರನೇ ದಿನ ಭಾನುವಾರ, ಮಧ್ಯಾಹ್ನ, ಮಗಳು ತಿಣುಕದೆ, ಅಳದೆ, ನನ್ನ ಸೀರೆ, ಚಾಪೆ, ಪಕ್ಕದಲ್ಲಿದ್ದ ದಿನಪತ್ರಿಕೆ ಎಲ್ಲವನ್ನೂ ಹಾಳು ಮಾಡಿ ಬೊಚ್ಚು ಬಾಯಿ ತೆರೆದು ನಕ್ಕಳು! ನನ್ನ ಗಂಡ ಬೀದಿಗೆ ಓಡಿ ಸಾರಿದರು. ಪಾಟಿ ಕೋಪ ಮರೆತು ಬಂದು ದೃಷ್ಟಿ ತೆಗೆದರು. ಯಾರೋ ಸಕ್ಕರೆ ಹಂಚಿದರು. ಬೇರೆ ಯಾವ ಊರಿನಲ್ಲಾದರೂ ಇಂಥದ್ದಕ್ಕೆ ಸಕ್ಕರೆ ಹಂಚಿದ್ದು ಉಂಟೇ? ಮಾವ ಮಾತ್ರ ಹಿತ್ತಲ ಕಲ್ಲಿನ ಮೇಲಿಂದ ಏಳಲಿಲ್ಲ. ಮಗುವನ್ನು ಮುಟ್ಟಬೇಡಿ ಎಂದಿದ್ದೆನಲ್ಲ, ಅವರು ಮುಟ್ಟಿರಲಿಲ್ಲ. ಎರಡೂವರೆ ದಿನ!

ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೋಗಲೇಬೇಕಿತ್ತು. ಸೀರೆ ಉಟ್ಟು ಈಚೆ ಬಂದರೆ ಮಾವ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ನಾನು ಊರಿಗೋಯ್ತೀನಮ್ಮಣ್ಣಿ. ಪಾಟಿಗೆ ಏಳಿದ್ದೀನಿ, ಮಗೂನ ನೋಡ್ಕೋತಾರೆ."

 ನೆಲ ನೋಡುತ್ತಾ ಮುಂದುವರಿಸಿದರು.

"ನೀನಂದಿದ್ರಾಗೆ ತಪ್ಪಿಲ್ಲ. ನನ್ ಮಕ್ಳು ಇಬ್ರೂ ಎಂಗೆ ಬೆಳುದ್ರು ಅಂತ ನಂಗೊತ್ತಿಲ್ಲಮ್ಮ. ಶಿಫ್ಟಿಗೋಗೋವಾಗ ಮಲಗಿರೋವು, ಬರೋವಾಗ ಮಲಗಿರೋವು. ಎಲ್ಲಾ ನಿಮ್ಮತ್ತೇನೇ ಮಾಡಿದ್ದು. ಕಣ್ ಬಿಟ್ಕೊಂಡು ನನ್ ಮಕ ನೋಡಿ ನಕ್ಕಿದ್ದು ಇದೊಂದೇ ಮಗಾ. ಅದಕ್ಕೇ ಆಸೆ ಜಾಸ್ತಿ ಆಗೋಯ್ತು. ಗಟ್ಟಿ ಆಲು ಕುಡೀಲಿ ಅಂತ..."

ಮೂವತ್ತು ವರ್ಷ ನೆಲದಡಿಯಲ್ಲಿ ದುಡಿದ ಮನುಷ್ಯ ನನ್ನೆದುರು ಅಪರಾಧಿಯ ಹಾಗೆ ನಿಂತಿದ್ದರು. ನನಗೆ ನನ್ನ ಮೇಲೆ ಬಂದಷ್ಟು ನಾಚಿಕೆ ಆಮೇಲೆ ಯಾವತ್ತೂ ಬಂದಿಲ್ಲ. ಕ್ಷಮಿಸಿ ಎನ್ನಬಹುದಿತ್ತು. ನಮ್ಮ ಮನೆಗಳಲ್ಲಿ ಆ ಮಾತು ಆಡಿ ಅಭ್ಯಾಸವಿಲ್ಲ. ನಾನು ಅವರ ಕೈಯಿಂದ ಚೀಲ ಕಿತ್ತು ಒಳಗೆಸೆದೆ. ತೊಟ್ಟಿಲಿನಿಂದ ಮಗಳನ್ನು ಎತ್ತಿ ಅವರ ತೋಳಿಗೆ ಹಾಕಿದೆ.

"ಅವಳಿಗೆ ಎಂಟು ಗಂಟೆಗೆ ಹಾಲು ಮಾವ. ನನಗೆ ರೈಲಿಗೆ ಹೊತ್ತಾಯ್ತು."

ಎಷ್ಟು ಚಮಚ ಎಂದು ನಾನು ಹೇಳಲಿಲ್ಲ. ಹೇಳಬಾರದೆಂದೇ ಹೇಳಲಿಲ್ಲ. ಹಿಂದಿರುಗಿ ನೋಡಿದರೆ ಅನುಮಾನವೆಂದು ತಿಳಿದಾರು ಎಂದು ತಿರುಗಿಯೂ ನೋಡದೆ ಸ್ಟೇಷನ್ ಕಡೆ ಬಿರಬಿರನೆ ನಡೆದೆ. ನಾಲ್ಕು ಮನೆ ದಾಟಿದ್ದೆ. ಬಾಗಿಲಲ್ಲಿ ಅವರು ಮಗುವಿಗೆ ಹೇಳುತ್ತಿದ್ದುದು ಕೇಳಿಸಿತು.

"ನೋಡ್ದಾ ಕಂದಾ, ನಿಮ್ಮಮ್ಮ ನಿನ್ನ ನನ್ ಕೈಗೆ ಕೊಟ್ಟೋದ್ಲು. ನನ್ ಕೈಗೇ ಕೊಟ್ಟೋದ್ಲು ಕಣೇ!"

ಬಂಗಾರಪೇಟೆ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತಾ ಕೂತಿದ್ದೆ.