ಬೆಲ್ಲದ ಪೆಂಟಿಯ ನಾಡಿಬಡಿತ

ಅಳತೆಯ ಮೋಸ ನಮ್ಮ ಕಡೆ ಎಂದೂ ನಿಂತಿಲ್ಲ, ಇನ್ನು ನಿಲ್ಲುವ ಲಕ್ಷಣವೂ ಇಲ್ಲ. ಮೊದಲು ಅದು ಅಂಗಡಿಯ ತಕ್ಕಡಿಯಲ್ಲಿ ಕೂತಿತ್ತು, ಈಗ ಜನರ ಮಣಿಕಟ್ಟಿನ ಮೇಲೆ ಬಂದು ಕೂತಿದೆ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವನು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಇಷ್ಟೂ ಕಡೆಯ ಸಂತೆಗಳನ್ನು ಸುತ್ತಿದ್ದೇನೆ. ತಳ ಕೊರೆದು ಹಗುರ ಮಾಡಿದ ತೂಕದ ಕಲ್ಲು, ಕೆಳಬದಿಗೆ ಹುಣಸೆಹಣ್ಣು ಮೆತ್ತಿದ ತಟ್ಟೆ, ಎಲ್ಲವನ್ನೂ ಹಿಡಿದಿದ್ದೇನೆ. ನಿವೃತ್ತನಾದ ಮೇಲೆ ನೆಮ್ಮದಿ ಎಂದುಕೊಂಡೆ. ಅಷ್ಟರಲ್ಲಿ ಈ ನಾಡಿ ಎಣಿಸುವ ವಾಚುಗಳು ಬಂದವು. ತಕ್ಕಡಿಗೆ ವರ್ಷ ವರ್ಷ ಮುದ್ರೆ ಬೀಳಬೇಕು. ಇವಕ್ಕೆ ಮುದ್ರೆ ಹೊಡೆಯುವವರು ನಮ್ಮ ಕಡೆ ಯಾರೂ ಇಲ್ಲ. ಇವುಗಳ ಧೈರ್ಯಕ್ಕೆ ಅದೇ ಕಾರಣ.

ಮುಂದೆ ಹೇಳುವುದೆಲ್ಲ ಒಂದೇ ವಾಚಿನ ಕತೆ. ಒಂದೇ ಸಾಕಾಯಿತು.

೧. ಕಡಗ

ಚಿಕ್ಕೋಡಿಯಲ್ಲಿ ನನ್ನ ಪಕ್ಕದ ಮನೆಯವರು ತಂಬಾಕಿನ ವ್ಯಾಪಾರ ಮಾಡಿ, ಈಗ ಅದನ್ನು ಮಗನಿಗೆ ಬಿಟ್ಟು ಕೂತಿರುವ ಜೈನ ಸಾವುಕಾರರು. ಒಂದು ಕಾಲದಲ್ಲಿ ಅವರ ತಕ್ಕಡಿಯನ್ನು ನಾನೇ ಜಪ್ತಿ ಮಾಡಿದ್ದೆ. ಅಂದಿನಿಂದ ಅವರಿಗೆ ನನ್ನ ಮೇಲೆ ಗೌರವ, ನನಗೆ ಅವರ ಮೇಲೆ ಕಣ್ಣು. ಹೀಗೆ ಬೆಳೆದ ಗೆಳೆತನ.

ಕೊಲ್ಲಾಪುರದ ಅಳಿಯ ಅವರಿಗೆ ವಾಚು ತಂದುಕೊಟ್ಟ. ನಾಡಿ ಸರಿಯಿದ್ದರೆ ಅಂಕಿ ಹಸಿರು, ಹೆಚ್ಚಾದರೆ ಕೆಂಪು. ಅದು ತೋರಿಸಿದ್ದೆಲ್ಲ ಸಾವುಕಾರರ ಕಿಸೆಯ ಫೋನಿನ ಮೂಲಕ ಕೊಲ್ಲಾಪುರದಲ್ಲಿ ಅಳಿಯನಿಗೂ ಕಾಣುತ್ತಿತ್ತು. ಸಾವುಕಾರರು ಅದನ್ನು ಬೆಳ್ಳಿ ಕಡಗದ ಹಾಗೆ ಸಡಿಲ ಬಿಟ್ಟು ಕಟ್ಟಿದರು. ಕೈ ಎತ್ತಿದರೆ ಮೊಣಕೈಗೆ, ಇಳಿಸಿದರೆ ಅಂಗೈಗೆ. ನನ್ನ ಮನೆಯಲ್ಲಿ ಒಂದು ಕಪ್ ಚಹಾ ಕುಡಿಯುವಷ್ಟರಲ್ಲಿ ಅದು ಮೊದಲು ನಲವತ್ತೊಂದು ತೋರಿಸಿತು. ಸಾವುಕಾರರು ಕಪ್ಪು ಕೆಳಗಿಟ್ಟು ಸೋಫಾದ ಮೇಲೆ ಅಡ್ಡಾದರು. ಆಮೇಲೆ ನೂರಾ ಮೂವತ್ತೆಂಟು. ದಿಗ್ಗನೆ ಎದ್ದು ಕೂತರು. ಕೊನೆಗೆ ಎಂಬತ್ತಾರು ಬಂತು, ಉಳಿದ ಚಹಾ ಕುಡಿದರು.

ಇದು ಅವರೊಬ್ಬರ ಹುಚ್ಚಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಶೇಡಬಾಳದಲ್ಲಿ, ತಮ್ಮನ ಮನೆಯಲ್ಲಿ, ಅವರ ತಾಯಿ ಇದ್ದಾರೆ. ಎಂಬತ್ನಾಲ್ಕು ವರ್ಷ. ಎಲ್ಲರಿಗೂ ಆಯಿ. ಗಡಿಯಾಚೆಯ ಗುಡ್ಡದ ಬಸದಿಗೆ ಬರಿಗಾಲಲ್ಲಿ ಮೆಟ್ಟಿಲು ಏರಬೇಕೆಂಬುದು ಆಯಿಯ ಆಸೆ. ಈ ವರ್ಷ ಬಿಟ್ಟರೆ ಮೊಣಕಾಲು ಮುಂದಿನ ವರ್ಷಕ್ಕೆ ಮಾತು ಕೊಡುವುದಿಲ್ಲ. ಅಥಣಿಯ ಡಾಕ್ಟರರು ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿ, ಕೂತು ನಿಂತು ನಿಧಾನ ಏರಲಿ ಎಂದಿದ್ದರು. ಸಾವುಕಾರರು ಒಪ್ಪಲಿಲ್ಲ.

"ಡಾಕ್ಟರ್ ಹತ್ತ ನಿಮಿಷ ನೋಡ್ಯಾರ್ರಿ ಸಾಹೇಬ್ರ. ಇದು ಇಡೀ ದಿವಸ ನೋಡತೈತಿ. ಗುಡ್ಡಕ್ಕ ಹೋಗೋ ಮುಂದ ಆಯಿ ಕೈಗೆ ಕಟ್ಟತೀನಿ. ಹಸರ ಬಂದ್ರ ಏರತಾಳ, ಇಲ್ಲಂದ್ರ ಇಲ್ಲ."

ಹಾಗೆ ಒಬ್ಬ ಮುದುಕಿಯ ಗುಡ್ಡ ಈ ಕಡಗದ ಕೈಗೆ ಬಿತ್ತು. ನಾನು ಅವರಿಗೆ ಕನಿಷ್ಠ ವಾಚು ಕಟ್ಟುವ ರೀತಿಯಾದರೂ ಕಲಿಸೋಣ ಎಂದು, ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲೆ, ಅಲುಗಾಡದಂತೆ ಬಿಗಿಯಾಗಿ ಕಟ್ಟಬೇಕೆಂದು ಹೇಳಿದೆ. ಮರುದಿನ ಅಕ್ಷರಶಃ ಹಾಗೇ ಕಟ್ಟಿಕೊಂಡು ಬಂದರು. ಎರಡು ಬೆರಳು ಮೇಲೆ, ಬಿಗಿಯಾಗಿ, ತುಂಬುತೋಳಿನ ಅಂಗಿಯ ಮೇಲೆ.

೨. ಕೈ ಬೀಸಬಾರದು

ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ನಾವು ಹತ್ತು ಹನ್ನೊಂದು ಜನ ನಡೆಯುತ್ತೇವೆ. ಒಂದು ದಿನ ಸಾವುಕಾರರು ಮೂರನೆಯ ಸುತ್ತಿನಲ್ಲಿ ಗಕ್ಕನೆ ನಿಂತು ಕೈ ಮುಂದೆ ಚಾಚಿದರು. ನೂರಾ ಇಪ್ಪತ್ನಾಲ್ಕು, ಕೆಂಪು. ನಾನು ಅವರ ನಾಡಿಯ ಮೇಲೆ ಮೂರು ಬೆರಳಿಟ್ಟು, ನನ್ನ ಕೀಲಿ ಕೊಡುವ ಹಳೆಯ ಗಡಿಯಾರ ನೋಡುತ್ತ ಎಣಿಸಿದೆ. ತೊಂಬತ್ತೆರಡು. ಮತ್ತೆ ನಡೆಯಲು ಹೇಳಿ ಈ ಸಲ ಅವರ ಹೆಜ್ಜೆ ಎಣಿಸಿದೆ. ನಿಮಿಷಕ್ಕೆ ಸರಿಯಾಗಿ ನೂರಾ ಇಪ್ಪತ್ನಾಲ್ಕು.

ಕಾರಣ ಸರಳ. ಈ ವಾಚು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ಒಳಗೆ ರಕ್ತ ಉಬ್ಬಿ ಇಳಿಯುವುದನ್ನು ಎಣಿಸುತ್ತದೆ. ಕೈ ಜೋರಾಗಿ ಬೀಸಿದರೆ ಹೃದಯದ ತಾಳ ಬಿಟ್ಟು ಕೈಯ ತಾಳ ಹಿಡಿಯುತ್ತದೆ. ತೂಗುವಾಗ ತಟ್ಟೆಯ ಮೇಲೆ ಮೊಣಕೈ ಊರಿದ ಹಾಗೆ ಎಂದು ಹೇಳಿದೆ. ಆ ಹೋಲಿಕೆ ಸಾವುಕಾರರಿಗೆ ಥಟ್ಟನೆ ಅರ್ಥವಾಯಿತು. ಅನುಭವಸ್ಥರು.

ಆದರೆ ಅದರಿಂದ ಅವರು ತೆಗೆದ ತಾತ್ಪರ್ಯವೇ ಬೇರೆ. ಕೈ ಬೀಸಿದರೆ ಹಾರ್ಟಿಗೆ ಪೆಟ್ಟು. ಮರುದಿನ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ ನಡೆದರು, ವಾಚು ಹಸಿರು ತೋರಿಸಿತು, ಸುದ್ದಿ ಮೈದಾನ ಸುತ್ತಿತು. ವಾರದೊಳಗೆ ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಿ, ನೆರೆ ಬಂದ ಊರು ನೋಡಲು ಬಂದ ಮಂತ್ರಿಗಳ ಹಾಗೆ ಸಾಲಾಗಿ ನಡೆಯತೊಡಗಿದರು.

ಗೇಟಿನ ಬಳಿ ಮೆಂತ್ಯೆ ಸೊಪ್ಪು ಮಾರುವ ಹೆಂಗಸು ಎರಡು ದಿನ ನೋಡಿದಳು. ಮೂರನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಳು: "ದಿನಾ ಯಾರ ಮಣ್ಣಿಗೆ ಹೊಂಟೀರ್ರಿ ಸಾಹೇಬ್ರ?"

೩. ರೊಟ್ಟಿ ಬಂದ್

ಆಯಿಗೆ ಕಟ್ಟುವ ಮೊದಲು ಮನೆಯ ಎಲ್ಲರಿಗೂ ಕಟ್ಟಿ ನೋಡಬೇಕೆಂದು ಸಾವುಕಾರರು ತೀರ್ಮಾನಿಸಿದರು. ಮೊದಲ ಸರದಿ ಸೊಸೆಯದು. ಆ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಾಗಲೇ ಕಟ್ಟಿದರು. ಜೋಳದ ರೊಟ್ಟಿ ಬಡಿಯುವ ಕೈಯ ವೇಗ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ನೂರಾ ಐವತ್ತೆಂಟು, ಕೆಂಪು. ಕೊಲ್ಲಾಪುರದಿಂದ ಅಳಿಯನ ಫೋನು ಬಂತು: ಯಾರು ಓಡಾಕತ್ತಾರ?

ಸಾವುಕಾರರು ರೊಟ್ಟಿ ಬಡಿಯುವ ಕೊಣಮಿಗೆಯನ್ನು ತಾವೇ ಎತ್ತಿ ಅಟ್ಟಕ್ಕಿಟ್ಟರು. ಇನ್ನು ಮನೆಯಲ್ಲಿ ರೊಟ್ಟಿ ಬಂದ್. ಮೊದಲ ದಿನ ಅನ್ನ, ಎರಡನೆಯ ದಿನ ಉಪ್ಪಿಟ್ಟು, ಮೂರನೆಯ ದಿನ ಬ್ರೆಡ್ಡು. ಹುಟ್ಟಿದಾಗಿನಿಂದ ಎರಡು ಹೊತ್ತು ರೊಟ್ಟಿ ತಿಂದ ಮನುಷ್ಯ ನಾಲ್ಕನೆಯ ದಿನಕ್ಕೆ ನನ್ನ ಮನೆಯ ಅಡುಗೆಮನೆಯ ಕಡೆ ನೋಡುತ್ತ ಕೂತರು. ನನಗೆ ಕನಿಕರ ಬಂದು, ಅವರ ಸೊಸೆಯನ್ನು ಕರೆದು, ಹತ್ತು ನಿಮಿಷ ಸುಮ್ಮನೆ ಕೂರಿಸಿ ನಾಡಿ ಎಣಿಸಿದೆ: ಎಪ್ಪತ್ತಾರು. ವಾಚು ಕೂಡ ಎಪ್ಪತ್ತೆಂಟು ಎಂದಿತು. ನ್ಯಾಯವಾಗಿ ಹೇಳಬೇಕು, ಬಿಗಿಯಾಗಿ ಕಟ್ಟಿ ಕಲ್ಲಿನ ಹಾಗೆ ಕೂತವರಿಗೆ ಅದು ಅಷ್ಟೇನೂ ಸುಳ್ಳು ಹೇಳುವುದಿಲ್ಲ.

ರೊಟ್ಟಿಗೂ ಹೃದಯಕ್ಕೂ ಸಂಬಂಧವಿಲ್ಲವೆಂದು ನಾನು ಹೇಳಿದಾಗ ಸಾವುಕಾರರ ಮುಖ ಅರಳಿತು. ಸೊಸೆಯ ಮುಖ ಬಾಡಿತು. ಅವಳು ಒಂದು ಗಳಿಗೆ ಯೋಚಿಸಿ, ಬಹಳ ವಿನಯದಿಂದ ಮಾವನಿಗೆ ಹೇಳಿದಳು: "ರೊಟ್ಟಿ ಬಡೀತೀನ್ರಿ ಮಾವಾರ. ಆದ್ರ ನಿನ್ನೆ ಭಾಂಡೆ ತಿಕ್ಕೋ ಮುಂದ ನೂರಾ ಎಪ್ಪತ್ತ ಬಂದಿತ್ರಿ. ಅದರದಷ್ಟ ಏನಾರ ವಿಚಾರ ಮಾಡ್ರಿ."

೪. ಖಾಲಿ ತಟ್ಟೆ

ಯಾವ ತಕ್ಕಡಿಯನ್ನೂ ಮೊದಲು ಖಾಲಿ ನೋಡಬೇಕು. ತಟ್ಟೆಯಲ್ಲಿ ಏನೂ ಇಲ್ಲದಾಗ ಮುಳ್ಳು ಸೊನ್ನೆಗೆ ನಿಲ್ಲದಿದ್ದರೆ ಮುಂದಿನ ತೂಕವೆಲ್ಲ ಸುಳ್ಳು. ಬೆಳಗಾವಿಯ ಇಂಗ್ಲಿಷ್ ಶಾಲೆಯಲ್ಲಿ ಪಾದ್ರಿಯೊಬ್ಬರು ನನ್ನ ಕಿವಿ ಹಿಂಡಿ ಕಲಿಸಿದ ಮೊದಲ ಪಾಠ ಇದು, ಝೀರೋ ಎರರ್. ಆಯಿಯ ದಿನ ಹತ್ತಿರ ಬಂದಿತ್ತು. ಹೃದಯವೇ ಇಲ್ಲದ ವಸ್ತುವಿಗೆ ವಾಚು ಕಟ್ಟಿ ನೋಡೋಣ, ಸಾವುಕಾರರ ಭ್ರಮೆ ಹರಿಯಲಿ ಎಂದು ನಿಶ್ಚಯಿಸಿದೆ.

ಅವರ ಮನೆಗೆ ಕಬ್ಬೂರಿನ ಗಾಣದಿಂದ ಬೆಲ್ಲ ಬಂದಿತ್ತು. ಅದರಲ್ಲಿ ಮಣಿಕಟ್ಟಿನಷ್ಟೇ ದಪ್ಪದ ಒಂದು ಪುಟ್ಟ ಗಟ್ಟಿ, ನಮ್ಮ ಕಡೆಯ ಪೆಂಟಿ, ಆರಿಸಿ, ಮೇಜಿನ ಮೇಲಿಟ್ಟು, ಬಿಗಿಯಾಗಿ ವಾಚು ಕಟ್ಟಿದೆ. ಹಸಿರು ಬೆಳಕು ಮಿಣುಕಿತು. ಬೆಳಕು ಹೋಗಿ ಬೆಲ್ಲಕ್ಕೆ ಬಡಿದು ವಾಪಸ್ಸು ಬಂತು. ವಾಚು ಸ್ವಲ್ಪ ಹೊತ್ತು ತಡವರಿಸಿತು. ಅದಕ್ಕೆ 'ಗೊತ್ತಿಲ್ಲ' ಎಂದು ಹೇಳುವ ಅಭ್ಯಾಸ ಕಡಿಮೆ. ಎಪ್ಪತ್ನಾಲ್ಕು ಎಂದಿತು. ಹಸಿರು.

ಹತ್ತು ನಿಮಿಷ ಕಾದೆವು. ಎಪ್ಪತ್ಮೂರು, ಎಪ್ಪತ್ನಾಲ್ಕು, ಎಪ್ಪತ್ನಾಲ್ಕು. ಸಾಕ್ಷ್ಯ ಮೇಜಿನ ಮೇಲಿರುವಾಗ ಇನ್‌ಸ್ಪೆಕ್ಟರ್ ಮಾತನಾಡಬಾರದು. ಸಾವುಕಾರರು ಕನ್ನಡಕ ಸರಿಪಡಿಸಿಕೊಂಡು ಪೆಂಟಿಯನ್ನು ಸುತ್ತಲೂ ನೋಡಿದರು. ಅವರ ಕಣ್ಣಲ್ಲಿ ನಾನು ನಿರೀಕ್ಷಿಸಿದ ನಾಚಿಕೆ ಇರಲಿಲ್ಲ, ಗೌರವ ಇತ್ತು.

"ಇದು ಕೆಮಿಕಲ್ ಹಾಕದ ಬೆಲ್ಲರಿ ಸಾಹೇಬ್ರ," ಎಂದರು. "ಜೀವ ಇರತೈತಿ."

೫. ಶೇಡಬಾಳದ ಆಯಿ

ನಿಗದಿಯಾದ ದಿನ ನಸುಕಿನಲ್ಲಿ ನಾನು ಮತ್ತು ಸಾವುಕಾರರು ಶೇಡಬಾಳ ತಲುಪಿದೆವು. ಕಬ್ಬೂರಿನ ಬೆಲ್ಲವೂ ಜೊತೆಗಿತ್ತು, ತಾಯಿಗೆಂದು. ಆಯಿ ಮಡಿ ಸೀರೆ ಉಟ್ಟು, ಕೈಚೀಲ ಹಿಡಿದು, ಚಪ್ಪಲಿ ಇಲ್ಲದ ಕಾಲನ್ನು ಮುಂದೆ ಚಾಚಿ ಕಟ್ಟೆಯ ಮೇಲೆ ಕೂತಿದ್ದರು. ಸಾವುಕಾರರು ವಾಚು ತೆಗೆದು ಅವರ ಎಡಗೈಗೆ ಕಟ್ಟಿದರು. ಈ ಸಲ ಕಟ್ಟಿದ್ದು ಸರಿಯಾಗಿತ್ತು, ನಾನೇ ಪರೀಕ್ಷಿಸಿದೆ. ವಾಚು ಎರಡು ಸಣ್ಣ ಗೆರೆ ತೋರಿಸಿತು. ಅಂಕಿ ಇಲ್ಲ. ಬಿಚ್ಚಿ ಕಟ್ಟಿದರು, ಮತ್ತೆ ಎರಡು ಗೆರೆ. ಬಲಗೈ, ಎರಡು ಗೆರೆ.

"ಏನಂತೈತೋ ಅದು?" ಆಯಿ ಕೇಳಿದರು.

"ನಾಡಿ ಇಲ್ಲಂತೈತಿ ಆಯಿ."

"ಹಂಗಾದ್ರ ನಾ ಸತ್ತ ಎಷ್ಟ ದಿನಾ ಆತಂತ ಕೇಳ."

ನನಗೆ ಕಾರಣ ಹೊಳೆಯಿತು. ಆಯಿಯ ಎರಡೂ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಹಚ್ಚೆ. ಬಳ್ಳಿ, ಚುಕ್ಕಿ, ಸ್ವಸ್ತಿಕ, ಒಂದು ಬೆರಳೂರಲು ಜಾಗವಿಲ್ಲ. ಹಚ್ಚೆಯ ಕಪ್ಪು ವಾಚಿನ ಬೆಳಕನ್ನೆಲ್ಲ ನುಂಗಿಬಿಡುತ್ತಿತ್ತು. ನಾನು ಆಯಿಯ ನಾಡಿ ಹಿಡಿದು ಪೂರಾ ಒಂದು ನಿಮಿಷ ಎಣಿಸಿದೆ. ಎಪ್ಪತ್ತೆರಡು, ಒಂದೂ ಹಿಂದೆ ಬೀಳಲಿಲ್ಲ, ಒಂದೂ ಮುಂದೆ ಓಡಲಿಲ್ಲ. ನನ್ನ ಇಡೀ ಸೇವೆಯಲ್ಲಿ ಇಷ್ಟು ನಿಯತ್ತಿನ ಅಳತೆ ನೋಡಿರಲಿಲ್ಲ. ಸಾವುಕಾರರಿಗೆ ಹೇಳಿದೆ. ಡಾಕ್ಟರರ ಮಾತನ್ನೂ ನೆನಪಿಸಿದೆ. ಅವರು ತಲೆ ಅಲ್ಲಾಡಿಸಿದರು. ಹಸಿರು ಬಂದವರು ಏರಬೇಕು, ಬರದವರು ಇಲ್ಲ ಎಂದರು. ಆಯಿ ಚಾಚಿದ ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು.

ನನಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ಬೆಲ್ಲದ ಪರೀಕ್ಷೆಯ ಸಂಗತಿಯನ್ನು ಆಯಿಗೆ ಒಂದಕ್ಷರ ಬಿಡದೆ ವರದಿ ಮಾಡಿದೆ. ಅವರು ಪೂರಾ ಕೇಳಿ, ಚೀಲದಿಂದ ಆ ಪುಟ್ಟ ಪೆಂಟಿಯನ್ನೇ ತೆಗೆಸಿ, ಮಗನ ಕೈಯಿಂದಲೇ ಅದಕ್ಕೆ ವಾಚು ಕಟ್ಟಿಸಿದರು. ಎಪ್ಪತ್ನಾಲ್ಕು. ಹಸಿರು.

"ಹಸರ ಬಂದವರ ಏರಬೇಕ ಅಂದಿ. ಇದು ಏರಲಿ," ಎಂದರು ಆಯಿ. "ಇದಕ್ಕ ಪಾಪ ಕಾಲಿಲ್ಲ. ನಾ ಎತ್ತಿಕೊಂಡ ಹೊಕ್ಕೀನಿ."

ಸಾವುಕಾರರು ನನ್ನ ಮುಖ ನೋಡಿದರು. ನಾನು ಸಾಕ್ಷಿ, ಅವರ ನಿಯಮ ಅವರದೇ ಬಾಯಿಂದ ಬಂದದ್ದು. ಅಷ್ಟರಲ್ಲಿ ಕೊಲ್ಲಾಪುರದಿಂದ ಅಳಿಯನ ಫೋನು ಬಂತು. ಈ ವಯಸ್ಸಿನಲ್ಲಿ ಇಂಥ ನಾಡಿ ತಾನು ನೋಡಿಲ್ಲ, ಆಯಿಯನ್ನು ಧಾರಾಳವಾಗಿ ಏರಿಸಿರಿ ಎಂದ. ಅದು ಯಾರ ನಾಡಿ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಸುಳ್ಳು ಹೇಳುತ್ತಿರಲಿಲ್ಲ.

ಹೀಗೆ ಆಯಿ, ಬೆಲ್ಲ, ಸಾವುಕಾರರು, ನಾನು ಗುಡ್ಡ ಏರಿದೆವು. ಆಯಿ ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತರು, ಪ್ರತಿ ಸಲವೂ ನಾನು ನಾಡಿ ಎಣಿಸಿದೆ. ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟು ಕಂಬಕ್ಕೆ ಒರಗಿದವರು ಸಾವುಕಾರರು. ಅವರ ಕೈಯಲ್ಲಿ ವಾಚಿರಲಿಲ್ಲ, ಹಾಗಾಗಿ ತಮಗೆ ಏನಾಗಿದೆ ಎಂದು ಅವರಿಗೆ ತಿಳಿಯಲಿಲ್ಲ, ಸುಧಾರಿಸಿಕೊಂಡು ಎದ್ದರು. ಪೆಂಟಿ ಮಾತ್ರ ಆಯಿಯ ಚೀಲದಲ್ಲಿ ಮೊದಲ ಮೆಟ್ಟಿಲಿಂದ ಕೊನೆಯ ಮೆಟ್ಟಿಲಿನವರೆಗೆ ಎಪ್ಪತ್ನಾಲ್ಕು ಬಿಟ್ಟು ಅಲುಗಲಿಲ್ಲ.

ಬಸದಿಯಲ್ಲಿ ದರ್ಶನ ಮುಗಿಸಿ ಆಯಿ ಹೊರಗಿನ ಕಟ್ಟೆಯ ಮೇಲೆ ಕೂತರು. ಕಣ್ಣು ತುಂಬಿದ್ದವು. ವಾಚು ಬಿಚ್ಚಿ ಪಕ್ಕಕ್ಕಿಟ್ಟು, ಪೆಂಟಿಯನ್ನು ಕಲ್ಲಿಗೆ ಕುಟ್ಟಿ ಒಡೆದು, ಅಲ್ಲಿದ್ದವರಿಗೆಲ್ಲ ಒಂದೊಂದು ಚೂರು ಹಂಚಿದರು. ನಾವು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಫೋನು. ಅಳಿಯನ ದನಿ ಒಡೆದಿತ್ತು. ಕಾರು ಹೊರಡಿಸಿದ್ದೇನೆ, ಆಯಿಯ ನಾಡಿ ಒಮ್ಮೆಲೇ ನಿಂತುಹೋಗಿದೆ ಎನ್ನುತ್ತಿದ್ದ. ಸಾವುಕಾರರ ಬಾಯಲ್ಲಿ ಬೆಲ್ಲ, ಮಾತು ಹೊರಡಲಿಲ್ಲ. ಆಯಿ ಫೋನು ಇಸಿದುಕೊಂಡರು.

"ಗಾಬರಿ ಆಗಬ್ಯಾಡೋ ಅಪ್ಪಾ," ಎಂದರು. "ಅದನ್ನ ನಾನ ಒಡದ ಎಲ್ಲಾರಿಗೂ ಹಂಚೇನಿ. ಭಾಳ ಸೀ ಐತಿ. ನಿನಗೂ ಒಂದ ತುಣುಕ ತಗದ ಇಟ್ಟೀನಿ, ಬಾ."