ರವೆಯಿಲ್ಲದ ಒಂದೇ ಒಂದು ಫೋಟೋ

ನಮ್ಮ ಭಾವ ಇದುವರೆಗೆ ಲೆಕ್ಕವಿಲ್ಲದಷ್ಟು ಸಂಗೀತ ಕಛೇರಿಗಳಿಗೆ ಹೋಗಿದ್ದಾರೆ, ಒಂದನ್ನೂ ಕೇಳಿಲ್ಲ! ನಂಬಿಕೆ ಬರದಿದ್ದರೆ ಕಛೇರಿ ಮುಗಿಸಿ ಹೊರಗೆ ಬರುವಾಗ ಅವರನ್ನು ತಡೆದು, ಇವತ್ತು ಯಾವ ರಾಗ ಚೆನ್ನಾಗಿತ್ತು ಅಂತ ಕೇಳಿ ನೋಡಿ. "ರಾಗ ಗೊತ್ತಿಲ್ಲ ಕಣ್ರೀ, ಸ್ಟೇಜಿನ ಬಲಗಡೆ ಎರಡು ಟ್ಯೂಬ್‌ಲೈಟ್ ಕೆಟ್ಟೋಗಿದ್ವು" ಅನ್ನುತ್ತಾರೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಯಾವ ಸಭಾಂಗಣದಲ್ಲಿ ಯಾವ ಬಲ್ಬು ಉರಿಯುತ್ತದೆ, ಯಾವುದು ಮಿಣಮಿಣ ಅನ್ನುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಇದು ನನಗೆ ಹೇಗೆ ಗೊತ್ತು ಅಂದಿರಾ? ಅವರ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ಹಿಂದೆ ಹಿಂದೆ ಹೋಗುವ ಪ್ರಾಣಿ ನಾನೇ. ವಯಸ್ಸು ಐವತ್ತಮೂರು, ಎಡ ಮಂಡಿ ನೋವು, ಹಗಲು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಸಂಜೆಯಾದರೆ ಕೂಲಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ಶೆಟ್ಟಿಹಳ್ಳಿಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಬಣ್ಣ ಹೊಡೆದು ಬಂದ ತಗಡುಗಳನ್ನು ದೀಪದ ಕೆಳಗೆ ಹಿಡಿದು, ಒಂದು ಕಾಳಿನಷ್ಟು ಉಬ್ಬಿದ್ದರೂ "ರಿಜೆಕ್ಟ್" ಅಂತ ಚೀಟಿ ಅಂಟಿಸಬೇಕು. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿದ ಮನುಷ್ಯನ ಕಣ್ಣು ಹೇಗಿರಬೇಕು ಹೇಳಿ! ನಮ್ಮ ಮನೆಯ ಗೃಹಪ್ರವೇಶದ ದಿನ ಎಲ್ಲರೂ ಹೋಳಿಗೆ ತಿನ್ನುತ್ತಿದ್ದರೆ, ಇವರು ಗೋಡೆಗೆ ಮೂಗು ತಾಗಿಸಿ ನಿಂತು "ಪೇಂಟು ಸರಿಯಾಗಿ ಕೂತಿಲ್ಲ ಕಣಯ್ಯ, ಹದಿನೇಳು ಕಡೆ ಕಾಳಿದೆ" ಅಂದರು. ಮೊಸರಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ನಮ್ಮ ಭಾವ ಹುಡುಕುವುದಿಲ್ಲ, ಕಲ್ಲೇ ಇವರನ್ನು ಹುಡುಕಿಕೊಂಡು ಬರುತ್ತದೆ.

ಇಂಥವರ ಕೈಗೆ ಕ್ಯಾಮೆರಾ ಸಿಕ್ಕಿತು. ಅದೂ ಸಂಗೀತ ಕಛೇರಿಯ ಫೋಟೋ ತೆಗೆಯುವ ಹುಚ್ಚು! ಮಂದ ಬೆಳಕಿನಲ್ಲಿ ತೆಗೆದ ಫೋಟೋದ ಮೇಲೆ ಸಣ್ಣ ಸಣ್ಣ ಕಾಳು ಎದ್ದು ಕಾಣುತ್ತದಲ್ಲ, ಅದನ್ನು ತಿಳಿದವರು ನಾಯ್ಸ್ ಅನ್ನುತ್ತಾರೆ. ಭಾವ ರವೆ ಅನ್ನುತ್ತಾರೆ. ಕ್ಯಾಮೆರಾದಲ್ಲಿ ಐಎಸ್‌ಒ ಅಂತ ಒಂದಿದೆಯಂತೆ. ಅದನ್ನು ಏರಿಸಿದರೆ ಕತ್ತಲಲ್ಲೂ ಬೆಳಕು ಬರುತ್ತದೆ. ಆ ಬೆಳಕಿನ ಬೆನ್ನಿಗೇ, ಕರೆಯದ ನೆಂಟರ ಹಾಗೆ, ರವೆಯೂ ಬರುತ್ತದೆ. ಇಳಿಸಿದರೆ ರವೆ ಹೋಗುತ್ತದೆ, ಜೊತೆಗೆ ಮುಖವೂ ಹೋಗುತ್ತದೆ. ನಾನು ಗಣಿತದವನು, ಎರಡು ಬೇಡದ ಉತ್ತರದಲ್ಲಿ ಒಂದನ್ನು ಒಪ್ಪಿಕೊಂಡು ಮಲಗಿಬಿಡುತ್ತಿದ್ದೆ. ಭಾವ ಒಪ್ಪಲಿಲ್ಲ.

ಈಗ ಫ್ರೇಮಿನ ವಿಷಯಕ್ಕೆ ಬರಬೇಕು, ಏಕೆಂದರೆ ನಮ್ಮ ಮನೆಗಳ ನೆಮ್ಮದಿ ಕೆಟ್ಟದ್ದು ಅದರಿಂದಲೇ. ಅಕ್ಕನ ಮನೆಯ ಹಾಲ್‌ನಲ್ಲಿ ಅವರ ಮದುವೆ ಫೋಟೋ ಇತ್ತು. ಮೂರು ವರ್ಷದ ಹಿಂದೆ ಸುಣ್ಣಬಣ್ಣಕ್ಕೆ ಅಂತ ಇಳಿಸಿದಾಗ, ಭಾವ ಅದನ್ನು ಅಭ್ಯಾಸಬಲದಿಂದ ದೀಪದ ಕೆಳಗೆ ಹಿಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಫೋಟೋವನ್ನು ಹೊರಗೆ ತೆಗೆದು ಬೀರುವಿನಲ್ಲಿಟ್ಟು, ಖಾಲಿ ಫ್ರೇಮನ್ನು ಮತ್ತೆ ಮೊಳೆಗೆ ನೇತುಹಾಕಿದರು! ಯಾಕೆ ಅಂದರೆ "ಕ್ವಾಲಿಟಿ ಸರಿಯಿಲ್ಲ. ಒಳ್ಳೇದು ಒಂದು ತೆಗೆದು ಹಾಕ್ತೀನಿ" ಅಂದರು. ಅಂದಿನಿಂದ ಬಂದ ನೆಂಟರೆಲ್ಲ ಆ ಗಾಜಿನಲ್ಲಿ ತಮ್ಮ ಮುಖವನ್ನೇ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಾರೆ.

ಅಕ್ಕ ನನ್ನ ಹತ್ತಿರ ಬಂದು ಅತ್ತುಬಿಟ್ಟಳು. "ಮದ್ವೆ ಫೋಟೋಗೇ ರಿಜೆಕ್ಟ್ ಹೊಡೆದವ್ರೆ ಕಣೋ ನಿಮ್ ಭಾವ! ನಾಳೆ ನಂಗೂ ಒಂದು ಚೀಟಿ ಅಂಟಿಸ್ತಾರೆ ಅಷ್ಟೇ."

ಅಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಅವಳು ತಂಬೂರಿ ನುಡಿಸುತ್ತಾಳೆ. ದೊಡ್ಡ ಗಾಯಕರು ಮುಂದೆ ಕೂತು ಹಾಡುವಾಗ ಹಿಂದಿನ ಮೂಲೆಯಲ್ಲಿ ಕೂತು ನಾಲ್ಕು ತಂತಿ ಮೀಟುವ ಕೆಲಸ. ಅಲ್ಲಿಗೆ ಮೈಕಿಲ್ಲ, ದೀಪ ತಲುಪುವುದಿಲ್ಲ, ಕಲಾವಿದರನ್ನು ಪರಿಚಯಿಸುವಾಗ ಅವಳ ಹೆಸರಿರುವುದಿಲ್ಲ, ಸನ್ಮಾನದ ಸರದಿ ಅವಳವರೆಗೆ ಬರುವಷ್ಟರಲ್ಲಿ ಶಾಲು ಮುಗಿದಿರುತ್ತದೆ. ಎಂಟು ವರ್ಷದವಳಿದ್ದಾಗ ಸಿಡುಬೆದ್ದು ಅವಳ ಎರಡೂ ಕೆನ್ನೆಯ ಮೇಲೆ ಕಲೆಗಳು ಉಳಿದುಬಿಟ್ಟಿವೆ. ಅದಕ್ಕೇ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಾಳೆ. ಹಾಗಂತ ಆಸೆ ಇಲ್ಲವೆ? "ಊರೋರ ಫೋಟೋ ಎಲ್ಲ ತೆಗೀತಾರೆ, ತಂಬೂರಿ ಹಿಡ್ಕೊಂಡಿರೋ ನಂದು ಒಂದಾದ್ರೂ ತೋರ್ಸವ್ರಾ?" ಅನ್ನುತ್ತಾಳೆ. ತೆಗೆಯೋಣ ಅಂದರೆ "ಈ ಮುಖಕ್ಕೆ ಫೋಟೋ ಬೇರೆ ಕೇಡು" ಅನ್ನುತ್ತಾಳೆ. ಇಬ್ಬರ ನಡುವೆ ಸಿಕ್ಕಿಕೊಂಡ ನನಗೆ ಸಾಕುಸಾಕಾಗಿತ್ತು.

ಗುಬ್ಬಿಯ ಕಛೇರಿಯನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ಫ್ಲ್ಯಾಶ್ ಹೊಡೆಯಬಾರದು ಅಂತ ವ್ಯವಸ್ಥಾಪಕರು ಮೊದಲೇ ಎಚ್ಚರಿಸಿದ್ದರು. ಭಾವ ಶಾಮಿಯಾನದವನ ಜೊತೆ ಬೀಡಿ ಸೇದುವಷ್ಟು ಸ್ನೇಹ ಬೆಳೆಸಿ (ಇವರಿಗೆ ಬೀಡಿ ಅಭ್ಯಾಸವಿಲ್ಲ, ಕೆಮ್ಮುತ್ತಲೇ ಸೇದಿದರು), ಒಂದು ದೊಡ್ಡ ಫೋಕಸ್ ಲೈಟನ್ನು ಸ್ಟೇಜಿನ ಹಿಂದಿನ ಮೂಲೆಗೆ ತಿರುಗಿಸಿದರು. ಹಾಡುವವರು ಮುಂದಿದ್ದಾರಲ್ಲ ಭಾವ ಅಂದರೆ "ಗೋಡೆಗೆ ಬಿದ್ದು ವಾಪಸ್ ಬರುತ್ತೆ, ನಿಂಗೆ ಗೊತ್ತಾಗಲ್ಲ ಬುಡು" ಅಂದರು. ಹಿಂದಿನ ದಿನ ಮಳೆ ಬಂದಿತ್ತು. ದೀಪ ಹತ್ತಿದ್ದೇ ತಡ, ಗುಬ್ಬಿ ತಾಲ್ಲೂಕಿನ ರೆಕ್ಕೆ ಹುಳಗಳೆಲ್ಲ ಕುಟುಂಬ ಸಮೇತ ಬಂದವು! ಗಾಯಕರು ತಾರಸ್ಥಾಯಿಗೆ ಏರಿ ಬಾಯಿ ಅಗಲಿಸಿದ್ದಾರೆ, ಒಂದು ಹುಳ ಸೀದಾ ಒಳಗೆ. ಅವರು ಕಣ್ಣು ಮೇಲೆ ಮಾಡಿ, ಗಂಟಲಲ್ಲೇ ಏನೇನೋ ತಿರುಗಿಸಿ, ಕೊನೆಗೆ ನುಂಗಿಬಿಟ್ಟರು. ಸಭೆ ಭೋರೆಂದು ಚಪ್ಪಾಳೆ ತಟ್ಟಿತು. ಅಂಥ ಗಮಕವನ್ನು ಸಭಿಕರು ಹಿಂದೆಂದೂ ಕೇಳಿರಲಿಲ್ಲ ನೋಡಿ. ಬಸ್ಸಿನಲ್ಲಿ ಭಾವ ಕ್ಯಾಮೆರಾ ನೋಡುತ್ತ ಗೊಣಗಿದರು: "ರವೆ ಅರ್ಧ ಕಮ್ಮಿ ಆಗಿದೆ. ಆದ್ರೆ ರವೆ ಇಲ್ಲದಿರೋ ಕಡೆ ಹುಳ ಕೂತವೆ."

ಆಮೇಲೆ ಹೊಸ ವಿದ್ಯೆ ಕಲಿತು ಬಂದರು. ಶಟರನ್ನು ನಿಧಾನ ಮಾಡಿದರೆ ಹೆಚ್ಚು ಬೆಳಕು ಒಳಗೆ ಬರುತ್ತದೆ, ಐಎಸ್‌ಒ ಏರಿಸಬೇಕಾಗಿಲ್ಲ. ಅದರ ಮೇಲೆ ಒಂದೇ ನೋಟವನ್ನು ಎಂಟು ಸಲ ತೆಗೆದು, ಎಂಟನ್ನೂ ಒಂದರ ಮೇಲೊಂದು ಕೂರಿಸಿದರೆ ರವೆ ತಾನಾಗೇ ಕರಗುತ್ತದೆ. ಷರತ್ತು ಒಂದೇ: ಎದುರಿಗಿರುವವರು ಅಲ್ಲಾಡಬಾರದು. ಹಾಡುವವರು ಅಲ್ಲಾಡದೆ ಇರುತ್ತಾರೆಯೆ ಸ್ವಾಮಿ? ತುಮಕೂರಿನ ಕಛೇರಿಯೊಂದರಲ್ಲಿ, ಶುರುವಾಗುವ ಮುಂಚೆ, ಭಾವ ನೇರವಾಗಿ ಗಾಯಕರ ಬಳಿಗೇ ಹೋಗಿ ಕೈಮುಗಿದರು.

"ಸಾರ್, ಒಂದು ವಿನಂತಿ. ಹಾಡೋವಾಗ ತಲೆ, ಕೈ ಆಡಿಸ್ಬೇಡಿ."

ಅವರು ನಕ್ಕು, "ಬಾಯಿ ಆಡಿಸ್ಬೋದಾ?" ಅಂದರು.

"ಸ್ವಲ್ಪ ಕಮ್ಮಿ ಮಾಡಿದ್ರೆ ಒಳ್ಳೇದು ಸಾರ್!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತಿನ ಫೋಟೋದಲ್ಲಿ ಗಾಯಕರಿಗೆ ಮೂರು ತಲೆ, ಮೃದಂಗದವರಿಗೆ ಲೆಕ್ಕವಿಲ್ಲದಷ್ಟು ಕೈ. ಭಾವ ಮಾತ್ರ ಬೇಜಾರಿಲ್ಲದೆ ಪರದೆಯ ಒಂದು ಮೂಲೆಯನ್ನೇ ದೊಡ್ಡದು ಮಾಡಿ ನೋಡುತ್ತಿದ್ದರು. ಏನು ಭಾವ ಅಂದರೆ ಕ್ಯಾಮೆರಾ ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡರು.

ಕೊನೆಗೆ ನನ್ನ ಮಗಳಿಗೇ ಇವರ ಪಾಡು ನೋಡಲಾಗಲಿಲ್ಲ. "ದೊಡ್ಡಮಾವ, ಇದಕ್ಕೆಲ್ಲ ಸಾಫ್ಟ್‌ವೇರ್ ಇದೆ. ಒಂದು ಕ್ಲಿಕ್, ರವೆ ಮಾಯ" ಅಂತ ಒಬ್ಬ ಗಾಯಕರ ಫೋಟೋ ಹಾಕಿ ತೋರಿಸಿದಳು. ನಿಜಕ್ಕೂ ನುಣ್ಣಗಾಯಿತು! ನನಗೆ ಹೋದ ಜೀವ ಬಂದ ಹಾಗಾಯಿತು. ಇನ್ನು ಸ್ಟ್ಯಾಂಡ್ ಹೊರುವುದು ತಪ್ಪಿತಲ್ಲ! ಭಾವ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ವರಾಂಡದಲ್ಲಿ ಒಬ್ಬರೇ ಕೂತು ಮತ್ಯಾವುದೋ ಫೋಟೋಗೆ ಅದನ್ನೇ ಮಾಡಿ ನೋಡಿದರು. ಒಳಗೆ ಬಂದಾಗ ಮುಖ ಸಪ್ಪೆಯಾಗಿತ್ತು. "ಬೇಡ ಮಗಳೇ. ಇದು ರವೆನ ಮೈದಾ ಮಾಡುತ್ತೆ" ಅಂದವರು ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಮಾರನೆಯ ದಿನ ಸ್ಟ್ಯಾಂಡ್ ಮತ್ತೆ ನನ್ನ ಹೆಗಲಿಗೆ ಬಂತು. ಅದು ನನ್ನ ಹಣೆಬರಹ.

ಇಷ್ಟರಲ್ಲಿ ಅಕ್ಕನನ್ನು ಕರೆಯುವುದೂ ಕಮ್ಮಿಯಾಗುತ್ತ ಬಂದಿತ್ತು. ಈಗ ಎಲ್ಲರ ಬಳಿಯೂ ಕರೆಂಟಿನ ತಂಬೂರಿ ಪೆಟ್ಟಿಗೆ ಇದೆ. ಸ್ವಿಚ್ ಒತ್ತಿದರೆ ಆಯಿತು, ಅದಕ್ಕೆ ಬಸ್ಸಿನ ಖರ್ಚಿಲ್ಲ, ಊಟ ಹಾಕಬೇಕಾಗಿಲ್ಲ. ವರ್ಷಕ್ಕೆ ಇಪ್ಪತ್ತು ಕಛೇರಿಯಿದ್ದವಳಿಗೆ ಎರಡೋ ಮೂರೋ ಉಳಿದವು. ಕುಣಿಗಲ್ಲಿನಿಂದ ಕರೆ ಬಂದಾಗ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ರೀ, ಇದೇ ಕೊನೆ ಅಂತ ಕಾಣುತ್ತೆ. ಇದು ಮುಗಿದು ಮಾರನೆ ದಿನ ಆ ಫ್ರೇಮಲ್ಲಿ ಒಂದು ಫೋಟೋ ಇರ್ಬೇಕು. ಇಲ್ಲಾ ಅಂದ್ರೆ ಕ್ಯಾಮೆರಾ ಬೀದಿಗೆ ಬೀಳುತ್ತೆ. ನಾನಿನ್ನು ಖಾಲಿ ಗೋಡೆ ನೋಡಲಾರೆ."

ಭಾವ ತಲೆಯಾಡಿಸಿದರು. ನಾನು ಸ್ಟ್ಯಾಂಡ್ ಒರೆಸಿಟ್ಟೆ.

ಕುಣಿಗಲ್ಲಿನ ಕಾರ್ಯಕ್ರಮ ಇಳಿಹೊತ್ತಿಗೆ, ಒಂದು ಸಮುದಾಯ ಭವನದಲ್ಲಿ. ಏರ್ಪಡಿಸಿದವರು ಅಮೃತೂರಿನ ನಿವೃತ್ತ ಮೇಷ್ಟ್ರು, ತಂಬೂರಿಯಿಲ್ಲದೆ ಕಛೇರಿ ಮಾಡಬಾರದು ಅನ್ನುವ ಹಳೇ ಕಾಲದವರು. ಗಾಯಕರು ಈ ಕಾಲದವರು. ಅವರು ಪೆಟ್ಟಿಗೆಯನ್ನು ಮೈಕಿನ ಪಕ್ಕ ಇಟ್ಟು ಸ್ವಿಚ್ ಒತ್ತಿ, ಅಕ್ಕನ ಕಡೆ ತಿರುಗಿ "ನೀವು ಸುಮ್ನೆ ಹಿಂದೆ ಕೂತಿರಿ ಅಮ್ಮ, ನೋಡೋಕೆ ಲಕ್ಷಣವಾಗಿರುತ್ತೆ" ಅಂದರು. ಅಕ್ಕ ಮೂಲೆಯಲ್ಲಿ ಕೂತು ತಂತಿ ಮೀಟತೊಡಗಿದಳು. ಪೆಟ್ಟಿಗೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಅರ್ಧ ಕಛೇರಿಗೆ ಕರೆಂಟು ಹೋಯಿತು! ಮೈಕು ಸತ್ತಿತು, ಪೆಟ್ಟಿಗೆ ಸತ್ತಿತು, ಫ್ಯಾನು ನಿಂತಿತು. ಗಾಯಕರ ಬಾಯಿ ಒಂದು ಕ್ಷಣ ಕಟ್ಟಿತು. ಆಗ ಕೇಳಿಸಿತು ನೋಡಿ, ಅಕ್ಕನ ತಂಬೂರಿ. ಅದು ನಿಂತೇ ಇರಲಿಲ್ಲ. ಗಾಯಕರು ಜಮಖಾನದ ಮೇಲೆ ಹಾಗೇ ಹಿಂದಕ್ಕೆ ಸರಿದು ಸರಿದು ಅಕ್ಕನ ಪಕ್ಕಕ್ಕೇ ಬಂದು ಕೂತು, ಶ್ರುತಿ ಹಿಡಿದು ಹಾಡಿದರು. ಸೆಕೆ ತಡೆಯಲಾರದೆ ಯಾರೋ ಪಡುವಣ ಬಾಗಿಲನ್ನು ತೆಗೆದರು. ಇಳಿಬಿಸಿಲು ಸೀದಾ ಬಂದು ಆ ಮೂಲೆಗೇ ಬಿತ್ತು. ಅಕ್ಕ ಕಣ್ಣು ಮುಚ್ಚಿ, ತಂಬೂರಿಗೆ ಕೆನ್ನೆ ತಾಗಿಸಿ, ತುಂಬು ಬೆಳಕಿನಲ್ಲಿ ಕೂತಿದ್ದಳು. ಇಷ್ಟು ವರ್ಷದಲ್ಲಿ ಮೊದಲ ಸಲ! ಇಂಥ ಬೆಳಕಿನಲ್ಲಿ ರವೆಯ ಅಪ್ಪನೂ ಬರಲಾರ ಅಂತ ನನ್ನಂಥವನಿಗೂ ಗೊತ್ತಾಯಿತು.

ತಿರುಗಿ ನೋಡುತ್ತೇನೆ, ಭಾವ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದಾರೆ.

"ಭಾವ! ತೆಗೀರಿ! ಬೆಳಕು ಹೋಗುತ್ತೆ!" ಅಂತ ತಿವಿದೆ.

"ಸುಮ್ನಿರೋ" ಅಂದರು, ಕಣ್ಣೊರೆಸಿಕೊಳ್ಳುತ್ತ. "ಕೇಳ್ತಾ ಇದೀನಿ."

ಐದು ನಿಮಿಷಕ್ಕೆ ಕರೆಂಟು ಬಂತು, ಬಾಗಿಲು ಮುಚ್ಚಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರು ವರ್ಷ ಸ್ಟ್ಯಾಂಡ್ ಹೊತ್ತ ನನ್ನ ಹೆಗಲಿಗೆ ಅವತ್ತಾದಷ್ಟು ನೋವು ಹಿಂದೆ ಯಾವತ್ತೂ ಆಗಿರಲಿಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅಕ್ಕ ಫ್ರೇಮಿನ ಕೆಳಗೆ ನಿಂತಿದ್ದಳು. "ಎಲ್ರೀ ಫೋಟೋ?"

ಭಾವ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದು ಅವಳ ಮುಂದಿಟ್ಟರು. ಅದರ ತುಂಬ ಫೋಟೋಗಳು. ಒಂದರಲ್ಲೂ ಗಾಯಕರಿಲ್ಲ, ಮೃದಂಗದವರಿಲ್ಲ. ಅಷ್ಟರಲ್ಲೂ ಅಕ್ಕನೇ. ಕತ್ತಲ ಮೂಲೆಯಲ್ಲಿ ತಂಬೂರಿ ಹಿಡಿದ ಅಕ್ಕ, ಮುಖದ ತುಂಬ ರವೆ. ಪ್ರತಿಯೊಂದರ ಹಿಂದೆಯೂ ಭಾವನ ಅಕ್ಷರ: ಗುಬ್ಬಿ, ರಿಜೆಕ್ಟ್. ತುಮಕೂರು, ರಿಜೆಕ್ಟ್. ಗುಬ್ಬಿಯ ಫೋಕಸ್ ಲೈಟು ಹಿಂದಕ್ಕೆ ಯಾಕೆ ತಿರುಗಿತು ಅಂತ ಗಣಿತದ ಮೇಷ್ಟ್ರಿಗೆ ಆಗ ಹೊಳೆಯಿತು.

"ಇಷ್ಟು ತೆಗೆದಿದ್ದೀರಿ, ನಂಗೊಂದು ತೋರಿಸ್ಲಿಲ್ವಲ್ರೀ!" ಅಂದಳು ಅಕ್ಕ.

"ಮೊದಲೇ ಕ್ಯಾಮೆರಾ ಕಂಡ್ರೆ ಮುಖ ತಿರುಗಿಸ್ತೀಯ. ಇದನ್ನ ತೋರಿಸಿದ್ರೆ, ಈ ರವೆ ಎಲ್ಲಾ ನಿನ್ ಮುಖದ್ದೇ ಅಂದ್ಕೊಂಡು ನೊಂದ್ಕೊಳ್ಳಲ್ವಾ?"

"ಸಾಫ್ಟ್‌ವೇರಲ್ಲಿ ತೆಗೀಬೋದಿತ್ತಲ್ಲ ಭಾವ?" ಅಂದೆ.

"ತೆಗೆದು ನೋಡ್ದೆ ಕಣೋ. ರವೆ ಜೊತೆ ಇವಳ ಕಲೆನೂ ಅಳಿಸಾಕ್ತು. ಮದ್ವೆ ಫೋಟೋ ತೆಗೆದ ಸ್ಟುಡಿಯೋದವನೂ ಹಂಗೇ ಮಾಡಿದ್ದ, ಬ್ರಷ್ ಆಡಿಸಿ. ಯಾರೋ ಬೇರೆ ಹೆಂಗಸಿನ ಪಕ್ಕ ನಿಂತಂಗಿದೀನಿ ಅದ್ರಲ್ಲಿ. ನಂಗೆ ಇವಳು ಬೇಕಾಗಿತ್ತು."

ಅಕ್ಕ ಡಬ್ಬದಿಂದ ಒಂದು ಫೋಟೋ ಎತ್ತಿ, ಗುಬ್ಬಿಯದೇ ಇರಬೇಕು, ಗಂಡನ ಮುಖದ ಮುಂದೆ ಹಿಡಿದಳು.

"ಹಂಗಾದ್ರೆ ಹೇಳಿ. ಇದ್ರಲ್ಲಿ ರವೆ ಯಾವ್ದು, ನಂದ್ಯಾವ್ದು?"

ಭಾವ ಕನ್ನಡಕ ಹಾಕಿಕೊಂಡರು. ಬೆರಳ ತುದಿಯನ್ನು ಫೋಟೋಗೆ ತಾಗೀತೋ ತಾಗದೋ ಅನ್ನುವ ಹಾಗೆ ಇಟ್ಟು, ಒಂದೊಂದನ್ನೇ ತೋರಿಸುತ್ತ ಹೋದರು.

"ಇದು ರವೆ. ಇದು ನಿಂದು. ಇದೂ ರವೆ. ಈ ಕಣ್ಣಿನ ಕೆಳಗಿನ ಎರಡೂ ನಿಂದು. ಇದು ಹುಳ. ಇದು ನಿಂದು..."

ಅಕ್ಕನ ಮುಖಕ್ಕೆ ತಾಳೆ ಹಾಕಿ ನೋಡಿದೆ, ಒಂದೂ ತಪ್ಪಲಿಲ್ಲ. ನಾನು ಅವಳ ಜೊತೆ ಹುಟ್ಟಿ ಬೆಳೆದವನು, ನನಗೆ ಗೊತ್ತಿರಲಿಲ್ಲ. ಅಕ್ಕ ಈ ಸಲ ಮುಖ ತಿರುಗಿಸಲಿಲ್ಲ. ಅವರ ಎಣಿಕೆ ಇನ್ನೂ ಮುಗಿದಿರಲಿಲ್ಲ. ನಾನು ಸ್ಟೂಲು ಹಾಕಿಕೊಂಡು, ಎಡ ಮಂಡಿಯನ್ನು ಹಿಡಿದುಕೊಂಡು ಹತ್ತಿ, ಫ್ರೇಮನ್ನು ಇಳಿಸಿದೆ.