ಜಾಕ್ ಬಂದದ್ದು ಎಲ್ಲಿಂದ

ಉಪ್ಪಳದ ಬಸ್‌ಸ್ಟ್ಯಾಂಡಿನ ಹತ್ತಿರ ಜ್ಯೂಸ್ ಅಂಗಡಿ ಇಟ್ಟ ಸುಜನ್, ಬೋರ್ಡಿನಲ್ಲಿ ನೆಟ್ಟಗೆ ಹಲಸು ಅಂತ ಬರೆಸಬಹುದಿತ್ತು. ಸ್ಟೈಲಿಗೆ ಬಿದ್ದು ‘ಜಾಕ್‌ಫ್ರೂಟ್ ಶೇಕ್’ ಅಂತ ಬರೆಸಿದ. ಅಲ್ಲಿಗೆ ಕೆಟ್ಟಿತು.

ಅವತ್ತು ಬಾಯಾರಿನಿಂದ ಮುದ್ದಣ್ಣ ಬರುವವರಿದ್ದರು. ಇವನ ವ್ಯಾಪಾರ ಕಣ್ಣಾರೆ ಕಂಡ ಮೇಲೆಯೇ ಮಗಳು ವಿಜೇತಾಳನ್ನು ಕೊಡುವ ವಿಷಯ ಎಂದು ಹೇಳಿ ಕಳಿಸಿದ್ದರು. ಸುಜನ್, ಮುದ್ದಣ್ಣ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಸುಜನ್ ಬೆಳಿಗ್ಗೆಯೇ ಇಸ್ತ್ರಿ ಶರ್ಟು ಹಾಕಿ ಹೊಸ ಮಿಕ್ಸಿಯ ಹಾಗೆ ಹೊಳೆಯುತ್ತಿದ್ದ.

ಎದುರಿನ ಕಬ್ಬಿನ ಹಾಲಿನ ಅಂಗಡಿಯ ಜಿತೇಂದ್ರ ರಸ್ತೆ ದಾಟಿ ಬಂದು, ಬೆಂಚಿನಲ್ಲಿ ಕೂತವರಿಗೂ ಕೇಳಿಸುವ ಹಾಗೆ ಕೇಳಿದ.

“ಅಲ್ಲ ಮಾರಾಯ, ಇಂಗ್ಲಿಷಿನವರಿಗೆ ಈ ಜಾಕ್ ಎಲ್ಲಿಂದ ಸಿಕ್ಕಿತು?”

ಕೇಳಿದವನು ಉತ್ತರಕ್ಕೆ ನಿಲ್ಲದೆ ತನ್ನ ಅಂಗಡಿಗೆ ಹೋದ.

“ಹಲಸಿಗೆ ನಾವು ಹೇಳುವ ಚಕ್ಕದಿಂದ,” ಎಂದರು ಮಲಯಾಳದ ಸೌದಾಮಿನಿ ಟೀಚರ್. “ಪೋರ್ಚುಗೀಸರು ಅದನ್ನು ಜಾಕ ಮಾಡಿದರು, ಇಂಗ್ಲಿಷಿನವರು ಜಾಕ್ ಮಾಡಿದರು.”

ಕನ್ನಡದ ವೆಂಕಟಕೃಷ್ಣ ಮಾಷ್ಟ್ರಿಗೆ ಮೈ ಉರಿಯಿತು. “ಹಣ್ಣು ನಮ್ಮ ತೋಟದ್ದು, ಹೆಸರು ನಿಮ್ಮದಾ? ಸುಜನ್, ಬೋರ್ಡಿಗೆ ಹಲಸು ಅಂತ ಬರೆಸು. ಅಲ್ಲಿವರೆಗೆ ನನಗೆ ಶೇಕ್ ಬೇಡ.”

“ಹೌದು ಮಾಷ್ಟ್ರೇ.”

“ಬರೆಸಿದರೆ ನನಗೂ ಬೇಡ,” ಎಂದರು ಟೀಚರ್.

“ಅದೂ ಸರಿ ಟೀಚರೇ.”

“ಮತ್ತೆ ನಮ್ಮ ತುಳುವಿನ ಪೆಲಕಾಯಿ ಎಂತ ಬೀದಿಗೆ ಬಿದ್ದದ್ದಾ?” ಎಂದು ರಿಕ್ಷಾದ ಉಗ್ಗಪ್ಪ ಎದ್ದು ನಿಂತ.

“ನೀವು ಹೇಳಿದ್ದೇ ಸಮ ಉಗ್ಗಪ್ಪಣ್ಣ.”

“ಮೂರೂ ಕಡೆ ತಲೆ ಆಡಿಸುತ್ತಿ. ನೀನೆಂತ ಟೇಬಲ್ ಫ್ಯಾನಾ?”

ಬಸ್ಸಿಳಿದವರೆಲ್ಲ ಬಂದು ತಮ್ಮ ತಮ್ಮ ಭಾಷೆಯ ಹಿಂದೆ ನಿಂತರು. ಭಾಷೆಗೆ ಪ್ರಾಣ ಕೊಡುವವರು ಇಷ್ಟು ಮಂದಿ, ಒಂದು ಗ್ಲಾಸ್ ಶೇಕ್ ಕುಡಿಯುವವನು ಒಬ್ಬನಿಲ್ಲ. ಕೂಗಿ ಕೂಗಿ ಗಂಟಲು ಒಣಗಿದಾಗ ರಸ್ತೆ ದಾಟಿ ಕಬ್ಬಿನ ಹಾಲು ಕುಡಿದು ಬರುವರು, ಮತ್ತೆ ಕೂಗುವರು. ಜಿತೇಂದ್ರನ ಯಂತ್ರದ ಗೆಜ್ಜೆ ನಿಲ್ಲಲೇ ಇಲ್ಲ. ಸುಜನನ ಹಲಸಿನ ತೊಳೆಗಳ ಮೇಲೆ ನೊಣಗಳು ಮಾತ್ರ ಯಾವ ಭಾಷಾಭೇದವೂ ಇಲ್ಲದೆ ಕೂತಿದ್ದವು.

ಮಧ್ಯಾಹ್ನ ಹಸಿವಾದಾಗ ಮೂರು ಭಾಷೆಯವರೂ ಮನೆಗೆ ಹೋದರು. ಆಗ ಕಬ್ಬಿನ ಅಂಗಡಿಯಿಂದ ಕೊಡೆ ಹಿಡಿದ ಹಿರಿಯರೊಬ್ಬರು ತುಟಿ ಒರೆಸುತ್ತ ಈಚೆ ಬಂದರು.

“ಆ ಎದುರಿನ ಹುಡುಗ ಜನ ಹೇಗೆ ಮಗಾ? ಹತ್ತಿರದ ಅಂಗಡಿಯಲ್ಲಿ ವಿಚಾರಿಸದೆ ನಾವು ಸಂಬಂಧ ಮಾಡುವುದಿಲ್ಲ.”

“ಯಾರಿಗೆ ಸಂಬಂಧ?”

“ನನ್ನ ಮಗಳು ವಿಜೇತಾಳಿಗೆ.”

ಸುಜನ್ ಗಡಿಬಿಡಿಯಲ್ಲಿ ಬೆಂಚು ಒರೆಸಿದ. “ಮುದ್ದಣ್ಣನವರೇ, ನಿಮಗೆ ಅಂಗಡಿ ತಪ್ಪಿತು. ಸುಜನ್ ಅಂದರೆ ನಾನು.”

“ಗೊತ್ತುಂಟು,” ಎಂದರು ಮುದ್ದಣ್ಣ, ಬೆಂಚಿನಲ್ಲಿ ಕೂರುತ್ತ. “ನಿನ್ನದು ಅಲ್ಲಿ ವಿಚಾರಿಸಿ ಆಯಿತು. ಈಗ ಅವನದ್ದು ಹೇಳು.”